ನೋಡುವವರೇ ಇಲ್ಲದಿದ್ದರೆ ವಸ್ತುವಿಗೆ ಯಾವ ಗುಣ ಉಳಿಯುತ್ತದೆ?

ಪ್ರಶ್ನೆ: ನಾನು ವಿಜ್ಞಾನ ಪದವಿ ಓದುತ್ತಿರುವ ವಿದ್ಯಾರ್ಥಿನಿ. ಬಣ್ಣ ವಸ್ತುವಿನಲ್ಲಿ ಇಲ್ಲ, ನಮ್ಮ ಮಿದುಳಿನಲ್ಲಿ ಮಾತ್ರ ಇದೆ ಎಂದು ಓದಿದೆ, ಒಪ್ಪಿಕೊಂಡೆ. ಆಮೇಲೆ ಬೇರೆಯದೇ ಅನುಮಾನ ಶುರುವಾಯಿತು. ಆಕಾರ, ತೂಕ, ಗಟ್ಟಿತನ ಇವೂ ನಮಗೆ ಗೊತ್ತಾಗುವುದು ಇಂದ್ರಿಯಗಳಿಂದಲೇ ಅಲ್ಲವೇ? ಹಾಗಾದರೆ ಅವೂ ನಮ್ಮೊಳಗಿನವೇ? ನೋಡುವ, ಮುಟ್ಟುವ ಜೀವಿ ಒಂದೂ ಇಲ್ಲದಿದ್ದರೆ ವಸ್ತುವಿಗೆ ಯಾವ ಗುಣವಾದರೂ ಉಳಿಯುತ್ತದೆಯೇ? ‘ಉಳಿಯುವುದಿಲ್ಲ’ ಎಂದು ಕ್ವಾಂಟಮ್ ವಿಜ್ಞಾನ ಸಾಬೀತು ಮಾಡಿದೆ ಎನ್ನುತ್ತಾರೆ. ನಿಜವೇ?

ಉತ್ತರ: ಉಳಿಯುತ್ತವೆ, ಒಂದೆರಡಲ್ಲ, ಬಹಳಷ್ಟು ಗುಣಗಳು. ಕ್ವಾಂಟಮ್ ವಿಜ್ಞಾನ ಹಾಗೇನೂ ಸಾಬೀತು ಮಾಡಿಲ್ಲ. ಅದು ಹೇಳುವುದೇ ಬೇರೆ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಆದರೆ ನಿಮ್ಮ ಅನುಮಾನ ತರ್ಕ ತಪ್ಪಿ ಹುಟ್ಟಿದ್ದಲ್ಲ. ಬಣ್ಣ ಮಿದುಳಿನಲ್ಲಿ ಮಾತ್ರ ಇದೆ ಎಂದು ಒಮ್ಮೆ ಒಪ್ಪಿದ ಮೇಲೆ ಆಕಾರವನ್ನೋ ತೂಕವನ್ನೋ ಉಳಿಸಿಕೊಳ್ಳುವುದು ನಿಜಕ್ಕೂ ಕಷ್ಟ. ಹಾಗಾಗಿ ನಾನು ಮರುಪರಿಶೀಲಿಸಬೇಕೆಂದು ಕೇಳುವುದು ಆ ಮೊದಲ ಒಪ್ಪಿಗೆಯನ್ನೇ.

ಆ ಮಾತಿಗೆ ದೊಡ್ಡ ದೊಡ್ಡವರ ಬೆಂಬಲವಿದೆ. ಸಿಹಿ, ಕಹಿ, ಬಿಸಿ, ತಂಪು, ಬಣ್ಣ ಎಲ್ಲವೂ ರೂಢಿಯ ಮಾತು, ನಿಜವಾಗಿ ಇರುವುದು ಪರಮಾಣುಗಳು ಮತ್ತು ಶೂನ್ಯ ಮಾತ್ರ ಎಂದು ಗ್ರೀಸಿನ ಡೆಮಾಕ್ರಿಟಸ್ ಸುಮಾರು ಎರಡು ಸಾವಿರದ ನಾನೂರು ವರ್ಷಗಳ ಹಿಂದೆಯೇ ಹೇಳಿದ್ದ. 1623ರಲ್ಲಿ ಗೆಲಿಲಿಯೋ ಕಚಗುಳಿಯ ಉದಾಹರಣೆ ಕೊಟ್ಟ. ಗರಿಯಿಂದ ಮೂಗಿನ ಬಳಿ ಸವರಿದರೆ ಕಚಗುಳಿಯಾಗುತ್ತದೆ, ಆದರೆ ಕಚಗುಳಿ ಎಂಬುದು ಗರಿಯೊಳಗೆ ಕೂತಿಲ್ಲ. ಬಣ್ಣ, ರುಚಿ, ವಾಸನೆಗಳೂ ಹೀಗೆಯೇ ಎಂದ. ಅದೇ ಶತಮಾನದ ಕೊನೆಗೆ ಇಂಗ್ಲೆಂಡಿನ ಜಾನ್ ಲಾಕ್ ಗುಣಗಳನ್ನು ಎರಡು ಪಂಗಡ ಮಾಡಿದ. ಆಕಾರ, ಗಾತ್ರ, ಚಲನೆ, ಸಂಖ್ಯೆ, ಘನತ್ವ ಇವು ಪ್ರಾಥಮಿಕ. ಬಣ್ಣ, ರುಚಿ, ವಾಸನೆ, ಬಿಸಿ–ತಂಪು ಇವು ದ್ವಿತೀಯಕ. ಒಂದು ಕೈ ಬಿಸಿಯಾಗಿ, ಇನ್ನೊಂದು ತಣ್ಣಗಾಗಿ ಇರುವಾಗ ಎರಡನ್ನೂ ಒಂದೇ ನೀರಿಗೆ ಅದ್ದಿ ನೋಡಿ ಎಂದು ಲಾಕ್ ಹೇಳುತ್ತಾನೆ. ಒಂದು ಕೈಗೆ ನೀರು ತಣ್ಣಗಿದೆ, ಇನ್ನೊಂದಕ್ಕೆ ಬೆಚ್ಚಗಿದೆ. ಒಂದೇ ನೀರು ಎರಡೂ ಆಗಿರಲು ಸಾಧ್ಯವಿಲ್ಲವಲ್ಲ!

ಈ ಪ್ರಯೋಗವನ್ನು ನೀವೂ ಮಾಡಿ ನೋಡಿ, ಮೈ ಜುಮ್ಮೆನ್ನುತ್ತದೆ. ಆದರೆ ಅದರಿಂದ ಬಿಸಿ ಎಂಬುದು ನಮ್ಮೊಳಗಿನದು ಎಂದು ಸಿದ್ಧವಾಗುತ್ತದೆಯೇ? ಚರ್ಮ ಅಳೆಯುವುದು ನೀರಿನ ಉಷ್ಣತೆಯನ್ನು ನೇರವಾಗಿ ಅಲ್ಲ. ಚರ್ಮದ ಉಷ್ಣತೆ ಯಾವ ದಿಕ್ಕಿನಲ್ಲಿ, ಎಷ್ಟು ಬೇಗ ಬದಲಾಗುತ್ತಿದೆ ಎಂಬುದನ್ನು ಅದು ಮುಖ್ಯವಾಗಿ ಗುರುತಿಸುತ್ತದೆ. ಬಿಸಿಯಾಗಿದ್ದ ಕೈಯಿಂದ ಶಾಖ ಹೊರಗೆ ಹರಿಯುತ್ತಿದೆ, ತಣ್ಣಗಿದ್ದ ಕೈಗೆ ಒಳಗೆ ಹರಿಯುತ್ತಿದೆ. ಎರಡು ಕೈಗಳೂ ನಿಜವನ್ನೇ ವರದಿ ಮಾಡಿವೆ. ನಾವು ಆ ವರದಿಯನ್ನು ನೀರಿನ ಬಗೆಗಿನದು ಎಂದಷ್ಟೇ ಓದಿಕೊಂಡೆವು, ಅದು ನೀರು ಮತ್ತು ಕೈ ಎರಡರ ಬಗೆಗೂ ಆಗಿತ್ತು. ನನ್ನ ಉತ್ತರದ ಬೀಜ ಇಲ್ಲೇ ಇದೆ. ಬಹಳ ಸಲ ‘ಗುಣ ಮನಸ್ಸಿನಲ್ಲಿದೆ’ ಎಂದು ಹೇಳುವ ಕಡೆ ಹೇಳಬೇಕಾದದ್ದು ‘ಗುಣ ಇಬ್ಬರ ನಡುವಿನ ಸಂಬಂಧದಲ್ಲಿದೆ’ ಎಂದು.

ಬಣ್ಣವನ್ನೇ ತೆಗೆದುಕೊಳ್ಳಿ. ಸುಮಾರು 380ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕು ನಮ್ಮ ಕಣ್ಣಿಗೆ ಕಾಣುತ್ತದೆ. ಅಕ್ಷಿಪಟಲದಲ್ಲಿ ಮೂರು ಬಗೆಯ ಶಂಕುಕೋಶಗಳಿವೆ, ಒಂದೊಂದು ಬಗೆಯದು ಒಂದೊಂದು ವ್ಯಾಪ್ತಿಯ ಬೆಳಕಿಗೆ ಹೆಚ್ಚು ಸ್ಪಂದಿಸುತ್ತದೆ. ಈ ಮೂರರ ಸ್ಪಂದನೆಯನ್ನು ಹೋಲಿಸಿ ಮಿದುಳು ಬಣ್ಣವನ್ನು ಗುರುತಿಸುತ್ತದೆ. ಹಾಗಾಗಿ 580 ನ್ಯಾನೋಮೀಟರ್ ಆಸುಪಾಸಿನ ಒಂದೇ ತರಂಗಾಂತರದ ಬೆಳಕು ಹಳದಿಯಾಗಿ ಕಾಣುತ್ತದೆ, ಕೆಂಪು ಮತ್ತು ಹಸಿರು ಬೆಳಕನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿದರೂ ಅದೇ ಹಳದಿ ಕಾಣುತ್ತದೆ. ನೀವು ಮೊಬೈಲ್ ಪರದೆಯ ಮೇಲೆ ನೋಡುವ ಹಳದಿ ಎರಡನೆಯ ಬಗೆಯದು. ಭೌತಿಕವಾಗಿ ಇವೆರಡು ಬೇರೆ ಬೇರೆ, ನಮ್ಮ ಕಣ್ಣಿಗೆ ಒಂದೇ. ಜೇನುನೊಣದ ಕಣ್ಣಿಗೆ ನಾವು ಕಾಣದ ಅತಿನೇರಳೆ ಕಾಣುತ್ತದೆ, ನಾವು ಕಾಣುವ ಕೆಂಪು ಹೆಚ್ಚುಕಡಿಮೆ ಕಾಣುವುದೇ ಇಲ್ಲ.

ಇಷ್ಟನ್ನು ಹೇಳಿ ‘ನೋಡಿದಿರಾ, ಬಣ್ಣ ಹೊರಗಿಲ್ಲ’ ಎಂದು ಮುಗಿಸುವವರು ಅರ್ಧ ಕಥೆಯನ್ನು ಬಿಟ್ಟುಬಿಡುತ್ತಾರೆ. ಕತ್ತಲೆಯಲ್ಲಿರುವ ಕೆಂಪು ಹೂವಿನ ದಳಕ್ಕೆ, ಬೆಳಕು ಬಿದ್ದರೆ ಉದ್ದ ತರಂಗಾಂತರಗಳನ್ನು ಹಿಂದಿರುಗಿಸಿ ಉಳಿದದ್ದನ್ನು ಹೀರಿಕೊಳ್ಳುವ ಸ್ವಭಾವ ಆಗಲೂ ಇದೆ. ಆ ಸ್ವಭಾವ ದಳದ ವರ್ಣದ್ರವ್ಯದ ಅಣುಗಳ ರಚನೆಯಿಂದ ಬಂದದ್ದು, ಅದಕ್ಕೆ ಯಾರ ಕಣ್ಣೂ ಬೇಕಿಲ್ಲ. ಕಣ್ಣು ಬೇಕಾಗುವುದು ಸಾವಿರಾರು ಬಗೆಯ ಪ್ರತಿಫಲನಗಳಲ್ಲಿ ಯಾವ ಯಾವುದನ್ನು ಒಟ್ಟುಗೂಡಿಸಿ ‘ಕೆಂಪು’ ಎಂಬ ಒಂದೇ ಗುಂಪಿಗೆ ಸೇರಿಸಬೇಕು ಎಂದು ನಿರ್ಧರಿಸುವುದಕ್ಕೆ. ಗುಂಪು ಮಾಡಿದ್ದು ನಮ್ಮ ಕಣ್ಣು, ಗುಂಪಿನೊಳಗಿರುವುದು ಮಾತ್ರ ವಸ್ತುವಿನದೇ. ಲಾಕ್ ಕೂಡ ದ್ವಿತೀಯಕ ಗುಣವನ್ನು ವಸ್ತುವಿನಲ್ಲಿರುವ ಒಂದು ಶಕ್ತಿ ಎಂದೇ ಕರೆದಿದ್ದ. ಆತನ ಹೆಸರಿನಲ್ಲಿ ಬಣ್ಣವನ್ನು ಪೂರ್ತಿಯಾಗಿ ತಲೆಯೊಳಗೆ ತಳ್ಳುವುದು ಆತನಿಗೂ ಅನ್ಯಾಯ.

ವಿಷದ ಉದಾಹರಣೆ ಇಟ್ಟುಕೊಂಡರೆ ಇದು ಸ್ಪಷ್ಟವಾಗುತ್ತದೆ. ಚಾಕೊಲೇಟಿನಲ್ಲಿರುವ ಥಿಯೋಬ್ರೋಮಿನ್ ಎಂಬ ವಸ್ತು ನಾಯಿಗೆ ವಿಷ, ನಾವು ತಿನ್ನುವ ಪ್ರಮಾಣದಲ್ಲಿ ನಮಗೆ ವಿಷವಲ್ಲ. ‘ಇದು ವಿಷವೇ?’ ಎಂದು ಕೇಳಿದರೆ ‘ಯಾರಿಗೆ?’ ಎಂದು ತಿರುಗಿ ಕೇಳಲೇಬೇಕು. ಆದರೆ ಈ ಕಾರಣಕ್ಕೆ ವಿಷತ್ವ ನಾಯಿಯ ಮನಸ್ಸಿನ ಕಲ್ಪನೆ ಎಂದು ಯಾರಾದರೂ ಹೇಳುತ್ತಾರೆಯೇ? ಕಪಾಟಿನಲ್ಲಿ ಯಾರೂ ಮುಟ್ಟದೆ ಬಿದ್ದಿರುವಾಗಲೂ ಅದು ನಾಯಿಗೆ ವಿಷವೇ. ಬಣ್ಣದ ವಿಷಯದಲ್ಲಿ ಮಾತ್ರ ನಾವು ‘ಯಾರಿಗೆ ಎಂದು ಕೇಳಬೇಕಾಗುತ್ತದೆ, ಆದ್ದರಿಂದ ಇದು ನಿಜವಲ್ಲ’ ಎಂದು ಜಾರಿಬಿಡುತ್ತೇವೆ.

ರುಚಿಯಲ್ಲಿ ಇಂಥದ್ದೇ ಒಂದು ಪ್ರಸಂಗ ನಡೆದಿದೆ. 1931ರಲ್ಲಿ ಅಮೆರಿಕದ ಆರ್ಥರ್ ಫಾಕ್ಸ್ ಎಂಬ ರಸಾಯನ ವಿಜ್ಞಾನಿ ಫಿನೈಲ್‌ಥಯೋಕಾರ್ಬಮೈಡ್ ಎಂಬ ಪುಡಿಯೊಂದಿಗೆ ಕೆಲಸ ಮಾಡುವಾಗ ಅದರ ಧೂಳು ಗಾಳಿಗೆ ಹಾರಿತು. ಜೊತೆಯಲ್ಲಿದ್ದವರು ಬಾಯೆಲ್ಲ ಕಹಿ ಎಂದರು, ಫಾಕ್ಸ್‌ಗೆ ಏನೂ ಅನ್ನಿಸಲಿಲ್ಲ. ಪರೀಕ್ಷಿಸಿದಾಗ ಜನರಲ್ಲೇ ಎರಡು ಬಗೆ ಎಂದು ಗೊತ್ತಾಯಿತು: ಕೆಲವರಿಗೆ ಅದು ತೀರಾ ಕಹಿ, ಕೆಲವರಿಗೆ ರುಚಿಯೇ ಇಲ್ಲ. ಇದರ ಹಿಂದಿರುವ ಮುಖ್ಯ ಜೀನ್ 2003ರಲ್ಲಿ ಪತ್ತೆಯಾಯಿತು. ಪುಡಿ ಕಹಿಯೋ ಅಲ್ಲವೋ ಎಂಬ ಪ್ರಶ್ನೆಗೆ ಒಂಟಿ ಉತ್ತರವಿಲ್ಲ. ಆದರೆ ಆ ಜೀನಿನ ಇಂಥ ರೂಪ ಇರುವವರಿಗೆ ಕಹಿ ಎಂಬುದು ಯಾರ ಅಭಿಪ್ರಾಯವೂ ಅಲ್ಲ, ಪುಡಿಯ ಅಣುವಿಗೂ ನಾಲಗೆಯ ಗ್ರಾಹಕಕ್ಕೂ ನಡುವೆ ಇರುವ ಸತ್ಯ.

ಇಲ್ಲಿ ಒಂದು ಸೂಕ್ಷ್ಮವಿದೆ. ಕೆಂಪನ್ನು ನೋಡುವಾಗ ನಮಗಾಗುವ ಆ ಅನುಭವ, ಅದು ‘ಹಾಗೆ’ ಅನ್ನಿಸುವ ಪರಿ, ಖಂಡಿತವಾಗಿ ಅನುಭವಿಸುವವರಿಲ್ಲದೆ ಇರಲಾರದು. ನೋವೂ ಅಷ್ಟೆ. ಯಾರಿಗೂ ಆಗದ ನೋವು ಎಂಬುದಕ್ಕೆ ಅರ್ಥವಿಲ್ಲ. ಗೆಲಿಲಿಯೋನ ಕಚಗುಳಿ ಈ ಸಾಲಿಗೆ ಸೇರಿದ್ದು, ಬಣ್ಣ ಪೂರ್ತಿಯಾಗಿ ಸೇರಿದ್ದಲ್ಲ. ಆತ ಎರಡನ್ನೂ ಒಂದೇ ಚೀಲಕ್ಕೆ ಹಾಕಿದ, ಅದರ ಗೊಂದಲ ಇಂದಿಗೂ ಉಳಿದಿದೆ.

ಇನ್ನೊಂದು ತುದಿಯಲ್ಲಿ, ಬೇರೆ ವಸ್ತುಗಳನ್ನು ಅವಲಂಬಿಸಿದ, ಆದರೆ ಯಾರ ಗ್ರಹಿಕೆಯನ್ನೂ ಅವಲಂಬಿಸದ ಗುಣಗಳಿವೆ. ನೀವು ಹೇಳಿದ ತೂಕ ಅಂಥದ್ದು. ಚಂದ್ರನ ಮೇಲೆ ಅದು ಭೂಮಿಯ ಮೇಲಿನದರ ಸುಮಾರು ಆರನೆಯ ಒಂದು ಭಾಗ. ಉದ್ದವೂ ಅಂಥದ್ದು, ಐನ್‌ಸ್ಟೈನ್ 1905ರಲ್ಲಿ ತೋರಿಸಿದಂತೆ, ಯಾವ ಚೌಕಟ್ಟಿನಿಂದ, ಅಂದರೆ ವಸ್ತುವಿಗೆ ಹೋಲಿಸಿದರೆ ಎಷ್ಟು ವೇಗದಲ್ಲಿ ಚಲಿಸುತ್ತಾ, ಅಳೆಯುತ್ತೀರಿ ಎಂಬುದರ ಮೇಲೆ ಅದು ಬದಲಾಗುತ್ತದೆ. ‘ಎಲ್ಲವೂ ಸಾಪೇಕ್ಷ’ ಎಂಬ ಮಾತನ್ನು ಇದಕ್ಕೆ ಅಂಟಿಸಿ, ಎಲ್ಲವೂ ನೋಡುವವರ ಭಾವಕ್ಕೆ ತಕ್ಕಂತೆ ಎಂದು ಹೇಳುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಆ ಚೌಕಟ್ಟಿನಲ್ಲಿ ಮನುಷ್ಯ ಇರಬೇಕಿಲ್ಲ. ಒಂದು ಗಡಿಯಾರ, ಒಂದು ಅಳತೆಗೋಲು ಇದ್ದರೆ ಸಾಕು. ಒಂದು ಚೌಕಟ್ಟಿನ ಅಳತೆಯಿಂದ ಇನ್ನೊಂದರ ಅಳತೆಯನ್ನು ಲೆಕ್ಕ ಹಾಕುವ ನಿಯಮವೂ ಎಲ್ಲರಿಗೂ ಒಂದೇ.

ಗಟ್ಟಿತನದ ಬಗ್ಗೆ ಕೇಳಿದ್ದಿರಿ. ಮೇಜು ಬಹುಪಾಲು ಖಾಲಿ ಜಾಗ, ಆದ್ದರಿಂದ ಅದು ನಿಜವಾಗಿ ಗಟ್ಟಿಯಲ್ಲ ಎಂದು ಖಗೋಳ ವಿಜ್ಞಾನಿ ಎಡಿಂಗ್ಟನ್ 1920ರ ದಶಕದಲ್ಲಿ ಜನಪ್ರಿಯಗೊಳಿಸಿದ ವಾದವಿದೆ. ಗಟ್ಟಿ ಎಂದರೆ ಬೇರೊಂದು ವಸ್ತು ತನ್ನೊಳಗೆ ತೂರದಂತೆ ತಡೆಯುವುದು. ಮೇಜು ತಡೆಯುತ್ತದೆ. ಎಲೆಕ್ಟ್ರಾನುಗಳ ನಡವಳಿಕೆಯಿಂದ ತಡೆಯುತ್ತದೆ ಎಂದು ಗೊತ್ತಾದಾಗ ಗಟ್ಟಿತನಕ್ಕೆ ವಿವರಣೆ ಸಿಕ್ಕಿತು, ಗಟ್ಟಿತನವೇನೂ ಮಾಯವಾಗಲಿಲ್ಲ.

ಈಗ ಆಕಾರ. ನಿಮ್ಮ ಅನುಮಾನ ಚುಚ್ಚುವುದು ಇಲ್ಲಿಯೇ: ಅದೂ ಇಂದ್ರಿಯದಿಂದಲೇ ಬಂತಲ್ಲ? ಬಂತು, ಆದರೆ ಒಂದೇ ಬಾಗಿಲಿನಿಂದ ಬರಲಿಲ್ಲ. ಬಣ್ಣ ಕಣ್ಣಿಗೆ ಮಾತ್ರ, ಆಕಾರ ಕಣ್ಣಿಗೂ ಕೈಗೂ. 1688ರಲ್ಲಿ ಐರ್ಲೆಂಡಿನ ವಿಲಿಯಂ ಮೊಲಿನೋ ಲಾಕ್‌ಗೆ ಒಂದು ಪ್ರಶ್ನೆ ಕಳಿಸಿದ. ಹುಟ್ಟುಕುರುಡನೊಬ್ಬ ಗೋಳ ಯಾವುದು, ಘನ ಯಾವುದು ಎಂದು ಮುಟ್ಟಿ ಕಲಿತಿದ್ದಾನೆ. ಅವನಿಗೆ ಒಮ್ಮೆಲೇ ದೃಷ್ಟಿ ಬಂದರೆ ಬರೀ ನೋಡಿ ಗುರುತಿಸುತ್ತಾನೆಯೇ? ಇಬ್ಬರೂ ‘ಇಲ್ಲ’ ಎಂದೇ ಊಹಿಸಿದರು. ಮೂರು ಶತಮಾನ ಕಳೆದ ಮೇಲೆ ಭಾರತದಲ್ಲಿ ನಡೆದ ‘ಪ್ರಾಜೆಕ್ಟ್ ಪ್ರಕಾಶ್’ ಇದಕ್ಕೆ ಪ್ರಯೋಗದ ಉತ್ತರ ಕೊಟ್ಟಿತು. ಹುಟ್ಟಿನಿಂದ ದೃಷ್ಟಿ ಇಲ್ಲದಿದ್ದ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡಿ ದೃಷ್ಟಿ ತಂದುಕೊಟ್ಟ ಈ ಯೋಜನೆಯಲ್ಲಿ, ಐದು ಮಕ್ಕಳನ್ನು ಪರೀಕ್ಷಿಸಿದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ನೋಡಿದ್ದನ್ನು ನೋಡಿ ಹೊಂದಿಸುವುದು, ಮುಟ್ಟಿದ್ದನ್ನು ಮುಟ್ಟಿ ಹೊಂದಿಸುವುದು ಮಕ್ಕಳಿಗೆ ಬಂತು. ಮುಟ್ಟಿದ್ದನ್ನು ನೋಡಿ ಗುರುತಿಸುವುದು ಮಾತ್ರ ಮೊದಲಿಗೆ ಬರಲಿಲ್ಲ. ಆದರೆ ಕೆಲವೇ ದಿನಗಳಲ್ಲಿ ಅದರಲ್ಲೂ ಎದ್ದು ಕಾಣುವ ಸುಧಾರಣೆಯಾಯಿತು.

ಈ ಫಲಿತಾಂಶದ ಮೊದಲ ಭಾಗವನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ನನಗೆ ಹೆಚ್ಚು ಮುಖ್ಯವೆನಿಸುವುದು ಎರಡನೆಯ ಭಾಗ. ಕೈಗೆ ಆದ ಅನುಭವವೂ ಕಣ್ಣಿಗೆ ಆದ ಅನುಭವವೂ ಒಂದಕ್ಕೊಂದು ಸ್ವಲ್ಪವೂ ಹೋಲುವುದಿಲ್ಲ, ಆರಂಭದಲ್ಲಿ ಮಕ್ಕಳಿಗೆ ಅವುಗಳ ನಂಟೇ ಗೊತ್ತಾಗಲಿಲ್ಲ. ಹಾಗಿದ್ದೂ ಅಷ್ಟು ಬೇಗ ಎರಡೂ ಕೂಡಿಕೊಂಡವು. ಘನಕ್ಕೆ ಮೂಲೆಗಳಿವೆ ಎಂಬುದು ಬರೀ ಕೈಯ ಸೃಷ್ಟಿಯಾಗಿದ್ದರೆ, ಕಣ್ಣಿಗೂ ಅದೇ ಜಾಗದಲ್ಲಿ ಮೂಲೆ ಸಿಗಲು ಕಾರಣವೇನು?

ಇಂದ್ರಿಯಗಳನ್ನೇ ದಾಟಿ ನೋಡಿದರೆ ಈ ವಾದಕ್ಕೆ ಇನ್ನೂ ಬಲ ಬರುತ್ತದೆ. ಪರಮಾಣುವನ್ನು ಯಾರೂ ಬರಿಗಣ್ಣಿನಿಂದ ಕಂಡಿಲ್ಲ. ಫ್ರಾನ್ಸಿನ ಜೀನ್ ಪೆರಿನ್ 20ನೆಯ ಶತಮಾನದ ಆರಂಭದಲ್ಲಿ ಅವೊಗಾಡ್ರೋ ಸಂಖ್ಯೆಯನ್ನು (ಒಂದು ಮೋಲ್ ವಸ್ತುವಿನಲ್ಲಿರುವ ಕಣಗಳ ಸಂಖ್ಯೆ) ದ್ರವದಲ್ಲಿ ತೇಲುವ ಕಣಗಳ ಕುಣಿತದಿಂದ ಲೆಕ್ಕ ಹಾಕಿದ. ಆಕಾಶದ ನೀಲಿಯಿಂದ, ವಿಕಿರಣಶೀಲತೆಯಿಂದ, ಇನ್ನೂ ಹಲವು ದಾರಿಗಳಿಂದ ಬಂದ ಅಂಕಿಗಳನ್ನು ಅದರ ಪಕ್ಕದಲ್ಲಿಟ್ಟ. ಒಂದಕ್ಕೊಂದು ಸಂಬಂಧವೇ ಇಲ್ಲದ ದಾರಿಗಳು, ಬಂದು ತಲುಪಿದ್ದು ಹೆಚ್ಚುಕಡಿಮೆ ಒಂದೇ ಅಂಕಿಗೆ. ಪರಮಾಣುಗಳಿವೆಯೇ ಎಂದು ಅನುಮಾನಿಸುತ್ತಿದ್ದ ಹಲವು ವಿಜ್ಞಾನಿಗಳು ಆಗ ಮನಸ್ಸು ಬದಲಿಸಿದರು. ಪೆರಿನ್‌ಗೆ 1926ರಲ್ಲಿ ನೊಬೆಲ್ ಬಂತು. ಗುಣ ಎಂಬುದು ತಿಳಿಯುವ ವಿಧಾನದಿಂದಲೇ ಹುಟ್ಟುವುದಾಗಿದ್ದರೆ ವಿಧಾನ ಬದಲಾದಾಗ ಉತ್ತರವೂ ಬದಲಾಗಬೇಕಿತ್ತು.

ಇಷ್ಟು ಹೇಳಿದರೂ ಹಟ ಹಿಡಿದ ಎದುರಾಳಿ ಸುಮ್ಮನಾಗುವುದಿಲ್ಲ, ಆಗಬಾರದು ಕೂಡ. ‘ಕೈ, ಕಣ್ಣು, ಉಪಕರಣದ ಮುಳ್ಳು, ಪೆರಿನ್‌ನ ಅಂಕಿಗಳು, ಎಲ್ಲವೂ ಕೊನೆಗೆ ಯಾರದೋ ಅರಿವಿಗೆ ಬಂದದ್ದೇ ತಾನೆ?’ ಐರ್ಲೆಂಡಿನ ಬರ್ಕ್ಲಿ 1710ರಲ್ಲಿ ಹೀಗೆಯೇ ವಾದಿಸಿ, ಇರುವುದೆಂದರೆ ಅರಿವಿಗೆ ಬರುವುದೇ ಎಂದ. ಅದಕ್ಕಿಂತ ಸಾವಿರ ವರ್ಷ ಮೊದಲು ಬೌದ್ಧ ವಿಜ್ಞಾನವಾದಿಗಳು (ಇಲ್ಲಿ ವಿಜ್ಞಾನ ಎಂದರೆ ಅರಿವು, ಇರುವುದು ಅದೊಂದೇ ಎನ್ನುವವರು) ಇದನ್ನು ಇನ್ನೂ ಮೊನಚಾಗಿ ಹೇಳಿದ್ದರು. ಆ ಪರಂಪರೆಯ ಧರ್ಮಕೀರ್ತಿಯ ವಾದ ಹೀಗಿದೆ: ನೀಲಿ ಮತ್ತು ನೀಲಿಯ ಅರಿವು ಯಾವಾಗಲೂ ಜೊತೆಯಾಗಿಯೇ ದೊರೆಯುತ್ತವೆ, ಒಂದನ್ನು ಬಿಟ್ಟು ಇನ್ನೊಂದು ಯಾರಿಗೂ ದೊರೆತಿಲ್ಲ, ಆದ್ದರಿಂದ ಅವೆರಡು ಬೇರೆಯಲ್ಲ. ಇದನ್ನು ಸಹೋಪಲಂಭ ನಿಯಮ ಎನ್ನುತ್ತಾರೆ. ಕಲ್ಲನ್ನು ಒದ್ದು ಕಾಲು ನೋಯಿಸಿಕೊಂಡು ಇದಕ್ಕೆ ಉತ್ತರ ಕೊಡಲಾಗದು. ಆ ನೋವೂ ಅರಿವೇ.

ನನ್ನ ಮಟ್ಟಿಗೆ ಇದಕ್ಕೆ ಅತ್ಯಂತ ಒಳ್ಳೆಯ ಉತ್ತರ ಶಂಕರರ ಬ್ರಹ್ಮಸೂತ್ರ ಭಾಷ್ಯದ ಎರಡನೆಯ ಅಧ್ಯಾಯದಲ್ಲಿದೆ. ಅವರು ಹೇಳುವುದು ಬಹಳ ಸರಳ. ಕಂಬವನ್ನೋ ಗೋಡೆಯನ್ನೋ ನೋಡುವ ಯಾರೂ ತಮ್ಮ ಅರಿವನ್ನೇ ಕಂಬವೆಂದು ಕಾಣುವುದಿಲ್ಲ. ಅರಿವಿಗೆ ವಿಷಯವಾಗಿ ಕಂಬವನ್ನು ಕಾಣುತ್ತಾರೆ. ಹೊರಗಿನದನ್ನು ಅಲ್ಲಗಳೆಯುವವರು ಸಹ ‘ಒಳಗಿರುವುದೇ ಹೊರಗಿರುವಂತೆ ತೋರುತ್ತದೆ’ ಎನ್ನುತ್ತಾರೆ. ಹೊರಗು ಎಂಬುದೇ ಇಲ್ಲದಿದ್ದರೆ ‘ಹೊರಗಿರುವಂತೆ’ ಎನ್ನಲು ಎಲ್ಲಿಂದ ಬಂತು? ಬಂಜೆಯ ಮಗನಂತೆ ಕಾಣುತ್ತಾನೆ ಎಂದು ಯಾರನ್ನೂ ಯಾರೂ ಹೇಳುವುದಿಲ್ಲವಲ್ಲ. ಇನ್ನು ಅರಿವು ಮತ್ತು ವಿಷಯ ಯಾವಾಗಲೂ ಜೊತೆಯಲ್ಲೇ ದೊರೆಯುತ್ತವೆ ಎಂಬುದು ಅವೆರಡೂ ಒಂದೇ ಎಂಬುದಕ್ಕೆ ಗುರುತಲ್ಲ, ಅರಿವು ಉಪಾಯ, ವಿಷಯ ಆ ಉಪಾಯದಿಂದ ದೊರೆಯುವಂಥದ್ದು ಎಂಬುದಕ್ಕೆ ಗುರುತು ಎನ್ನುತ್ತಾರೆ. ಸಾಧನದ ಮೂಲಕವೇ ತಿಳಿಯುತ್ತೇವೆ ಎಂಬುದರಿಂದ ಸಾಧನವನ್ನೇ ತಿಳಿಯುತ್ತೇವೆ ಎಂದಾಗುವುದಿಲ್ಲ. ನಿಮ್ಮ ಪ್ರಶ್ನೆಯ ‘ಇಂದ್ರಿಯಗಳಿಂದಲೇ ಅಲ್ಲವೇ’ ಎಂಬುದರಿಂದ ‘ಹಾಗಾದರೆ ನಮ್ಮೊಳಗಿನವೇ’ ಎಂಬುದಕ್ಕೆ ಹಾರಿದ ಹಾರಿಕೆ ಇದೇ, ದಯವಿಟ್ಟು ಮತ್ತೊಮ್ಮೆ ನೋಡಿ.

ಶಂಕರರು ಪರಮಾರ್ಥದಲ್ಲಿ ಜಗತ್ತಿಗೆ ಸ್ವತಂತ್ರ ಸತ್ಯತೆ ಕೊಡುವುದಿಲ್ಲ ಎಂಬುದು ಬೇರೆ ಮಾತು. ವ್ಯವಹಾರದ ಮಟ್ಟದಲ್ಲಿ ವಸ್ತು ಅರಿವಿಗಿಂತ ಬೇರೆ ಎಂಬುದರಲ್ಲಿ ಅವರಿಗೆ ಅನುಮಾನವಿಲ್ಲ. ಜಗತ್ತು ಸತ್ಯ ಎಂದೇ ಸಾರಿದ ಮಧ್ವಾಚಾರ್ಯರು ಪ್ರಮಾಣಕ್ಕೆ, ಅಂದರೆ ಸರಿಯಾದ ಅರಿವಿಗೆ, ಕೊಟ್ಟ ಲಕ್ಷಣ ‘ಯಥಾರ್ಥಂ ಪ್ರಮಾಣಂ’: ವಸ್ತು ಹೇಗಿದೆಯೋ ಹಾಗೆ ತಿಳಿಸುವುದು. ಎಷ್ಟೋ ವಿಷಯಗಳಲ್ಲಿ ಎದುರುಬದುರಾದ ಎರಡು ಪರಂಪರೆಗಳು ಇಲ್ಲಿ ಅಕ್ಕಪಕ್ಕದಲ್ಲಿ ನಿಲ್ಲುತ್ತವೆ. ಬರ್ಕ್ಲಿ ಕೂಡ ಯಾರೂ ನೋಡದಾಗ ಮರ ಮಾಯವಾಗುತ್ತದೆ ಎಂದು ಹೇಳಲಾರದೆ ದೇವರ ಮನಸ್ಸಿನಲ್ಲಿ ಅದನ್ನು ಉಳಿಸಿದ. ನಮ್ಮ ಗ್ರಹಿಕೆಯ ಆಚೆ ಏನೋ ನಿಲ್ಲಲೇಬೇಕು ಎಂಬ ಒತ್ತಡವನ್ನು ಆತನೂ ತಪ್ಪಿಸಿಕೊಳ್ಳಲಿಲ್ಲ.

ಈ ಒತ್ತಡ ಬರುವುದು ಎಲ್ಲಿಂದ? ನಾವು ತಪ್ಪಾಗಬಲ್ಲೆವು ಎಂಬುದರಿಂದ. ಪರಮಾಣು ಸಿದ್ಧಾಂತಕ್ಕೆ ಹೆಸರಾದ ಜಾನ್ ಡಾಲ್ಟನ್‌ಗೆ ಉಳಿದವರು ಗುಲಾಬಿ ಎನ್ನುತ್ತಿದ್ದ ಜೆರೇನಿಯಂ ಹೂವು ಹಗಲಿನಲ್ಲಿ ಆಕಾಶನೀಲಿಯಾಗಿ, ಮೇಣದಬತ್ತಿಯ ಬೆಳಕಿನಲ್ಲಿ ಕೆಂಪಾಗಿ ಕಾಣುತ್ತಿತ್ತು. 1794ರಲ್ಲಿ ಆತ ತನ್ನ ವರ್ಣಾಂಧತೆಯ ಬಗ್ಗೆ ಪ್ರಬಂಧ ಓದಿದ. ತನ್ನ ಕಣ್ಣಿನೊಳಗಿನ ದ್ರವ ನೀಲಿಯಾಗಿದ್ದು ಕೆಂಪನ್ನು ಹೀರಿಕೊಳ್ಳುತ್ತಿರಬೇಕು ಎಂಬುದು ಆತನ ಊಹೆ. ಸತ್ತ ಮೇಲೆ ಕಣ್ಣನ್ನು ಪರೀಕ್ಷಿಸಿ ಎಂದೂ ಹೇಳಿದ್ದ. 1844ರಲ್ಲಿ ವೈದ್ಯರು ಪರೀಕ್ಷಿಸಿದಾಗ ದ್ರವ ತಿಳಿಯಾಗಿತ್ತು, ಊಹೆ ಬಿದ್ದುಹೋಯಿತು. ಉಳಿಸಿಟ್ಟಿದ್ದ ಕಣ್ಣಿನ ತುಣುಕಿನ ಡಿಎನ್‌ಎ ಪರೀಕ್ಷೆ ನಡೆದು 1995ರಲ್ಲಿ ಉತ್ತರ ಸಿಕ್ಕಿತು: ಮಧ್ಯಮ ತರಂಗಾಂತರಕ್ಕೆ ಸ್ಪಂದಿಸುವ ವರ್ಣದ್ರವ್ಯ ಆತನಿಗೆ ಇರಲಿಲ್ಲ. ಹೂವಿನ ಬಗ್ಗೆ, ಕಣ್ಣಿನ ಬಗ್ಗೆ, ಎರಡರ ಸಂಬಂಧದ ಬಗ್ಗೆ ಸತ್ಯವೊಂದಿತ್ತು. ಅದು ಡಾಲ್ಟನ್‌ಗೆ ಕಂಡದ್ದಕ್ಕೂ ಆತ ನಂಬಿದ್ದಕ್ಕೂ ಸೊಪ್ಪು ಹಾಕದೆ ನೂರೈವತ್ತು ವರ್ಷ ಕಾದಿತ್ತು. ಗ್ರಹಿಕೆಯೇ ವಸ್ತುವಾಗಿದ್ದರೆ ಡಾಲ್ಟನ್ ತಪ್ಪಾಗಲು ಜಾಗವೇ ಇರುತ್ತಿರಲಿಲ್ಲ.

ಹಾಗೆಂದು ವಸ್ತುಗಳ ಅಂತರಾಳವೆಲ್ಲ ನಮಗೆ ತೆರೆದಿದೆ ಎಂದು ನಾನು ಹೇಳಲಾರೆ. ವಿದ್ಯುದಾವೇಶ ಏನು ಮಾಡುತ್ತದೆ, ಯಾವುದನ್ನು ಸೆಳೆಯುತ್ತದೆ, ಎಷ್ಟು ಬಲದಿಂದ ಎಂಬುದನ್ನು ಭೌತಶಾಸ್ತ್ರ ಬೆರಗಾಗುವಷ್ಟು ನಿಖರವಾಗಿ ಹೇಳುತ್ತದೆ. ಅದನ್ನೆಲ್ಲ ಮಾಡುವ ಆ ಆವೇಶ ತನ್ನಷ್ಟಕ್ಕೆ ಏನು ಎಂದು ಕೇಳಿದರೆ ಮತ್ತೆ ಅದು ಮಾಡುವುದನ್ನೇ ಹೇಳುತ್ತದೆ. ವಸ್ತು ನಮಗೆ ತೋರುವ ಬಗೆ ಬೇರೆ, ತನ್ನಷ್ಟಕ್ಕೆ ಇರುವ ಬಗೆ ಬೇರೆ ಎಂದು ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1781ರಲ್ಲಿ ಎಳೆದ ಗೆರೆಯಲ್ಲಿ ಇಷ್ಟು ನಿಜವಿದೆ: ನಮಗೆ ಸಿಗುವುದು ಬಹುಮಟ್ಟಿಗೆ ಸಂಬಂಧಗಳ ಜ್ಞಾನ. ಆದರೆ ಆ ಸಂಬಂಧಗಳು ನಾವು ಹೆಣೆದವಲ್ಲ.

ಇನ್ನು ಕ್ವಾಂಟಮ್. ಅಲ್ಲಿ ‘ವೀಕ್ಷಣೆ’ ಎಂದರೆ ಯಾರೋ ಪ್ರಜ್ಞಾವಂತರು ನೋಡುವುದು ಎಂದುಕೊಂಡದ್ದರಿಂದಲೇ ಅರ್ಧ ಗೊಂದಲ ಹುಟ್ಟಿದೆ. ಕಣವು ಉಪಕರಣದೊಂದಿಗೆ ವ್ಯವಹರಿಸಿ ಗುರುತು ಉಳಿದರೆ ಸಾಕು, ಕೋಣೆಯಲ್ಲಿ ಯಾರೂ ಇರಬೇಕಿಲ್ಲ. ಜಾನ್ ಬೆಲ್ 1964ರಲ್ಲಿ ರೂಪಿಸಿದ ಪ್ರಮೇಯವನ್ನು ಹಲವು ಪ್ರಯೋಗಗಳು ಪರೀಕ್ಷಿಸಿವೆ. ಆ ಸಾಲಿನ ಕೆಲಸಕ್ಕಾಗಿ ಆಸ್ಪೆ, ಕ್ಲಾಸರ್, ಝೈಲಿಂಗರ್ ಅವರಿಗೆ 2022ರಲ್ಲಿ ನೊಬೆಲ್ ಬಂತು. ಆ ಪ್ರಯೋಗಗಳ ಮುಂದೆ ಎರಡು ನಂಬಿಕೆಗಳನ್ನು ಒಟ್ಟಿಗೆ ಇಟ್ಟುಕೊಳ್ಳುವುದು ತೀರಾ ಕಷ್ಟವಾಗಿದೆ: ಅಳೆಯುವ ಮೊದಲೇ ಪ್ರತಿ ಅಳತೆಯ ಉತ್ತರವೂ ಕಣದಲ್ಲಿ ಸಿದ್ಧವಾಗಿರುತ್ತದೆ ಎಂಬುದು ಒಂದು, ದೂರದಲ್ಲಿ ಮಾಡಿದ ಅಳತೆ ಬೆಳಕಿಗಿಂತ ವೇಗವಾಗಿ ಇಲ್ಲಿ ಪ್ರಭಾವ ಬೀರದು ಎಂಬುದು ಇನ್ನೊಂದು. ಯಾವುದನ್ನು ಬಿಡಬೇಕು ಎಂಬ ಬಗ್ಗೆ ಪರಿಣತರಲ್ಲಿ ಒಮ್ಮತವಿಲ್ಲ. ಸ್ಪಿನ್ (ಕಣಕ್ಕೆ ಹುಟ್ಟಿನಿಂದಲೇ ಇರುವ, ತಿರುಗುವಿಕೆಯನ್ನು ಹೋಲುವ ಗುಣ) ಯಾವ ದಿಕ್ಕಿನಲ್ಲಿದೆ ಎಂಬಂಥದ್ದು, ಅಳೆಯುವ ಏರ್ಪಾಡಿನೊಂದಿಗೆ ಸೇರಿಯೇ ನಿಶ್ಚಿತ ರೂಪ ಪಡೆಯುತ್ತದೆ ಎಂದು ಒಪ್ಪಿದರೂ ಅದು ಕಣಕ್ಕೂ ಏರ್ಪಾಡಿಗೂ ಇರುವ ಸಂಬಂಧ. ಎಲೆಕ್ಟ್ರಾನಿನ ದ್ರವ್ಯರಾಶಿ, ಆವೇಶ, ಸ್ಪಿನ್ನಿನ ಪ್ರಮಾಣ ಇವು ಯಾವ ಏರ್ಪಾಡಿನಲ್ಲೂ ಬದಲಾಗುವುದಿಲ್ಲ.

ನೋಡುವ ಜೀವಿ ಒಂದೂ ಇಲ್ಲದಿದ್ದರೆ ಎಂದು ನೀವು ಕೇಳಿದ್ದಕ್ಕೆ ಇದೇ ಕ್ವಾಂಟಮ್ ಸಿದ್ಧಾಂತದ ಬಳಿ ಸಾಕ್ಷಿಯಿದೆ. ಜಲಜನಕದ ಪರಮಾಣು 656.3 ಮತ್ತು 486.1 ನ್ಯಾನೋಮೀಟರಿನಲ್ಲಿ ಎರಡು ಎದ್ದು ಕಾಣುವ ರೇಖೆಗಳನ್ನು, ಅಂದರೆ ಆ ನಿರ್ದಿಷ್ಟ ತರಂಗಾಂತರಗಳ ಬೆಳಕನ್ನು, ಹೊಮ್ಮಿಸುತ್ತದೆ, ಅವುಗಳ ಅನುಪಾತ 1.35 ಎಂದು ಸಿದ್ಧಾಂತ ಲೆಕ್ಕ ಹಾಕಿ ಹೇಳುತ್ತದೆ. ಭೂಮಿಗೆ ಸುಮಾರು 450 ಕೋಟಿ ವರ್ಷ. ಅದಕ್ಕೂ ಮೊದಲೇ ಹೊರಟ ಗೆಲಾಕ್ಸಿಗಳ ಬೆಳಕು ಈಗ ನಮ್ಮ ದೂರದರ್ಶಕಗಳನ್ನು ತಲುಪುತ್ತಿದೆ. ವಿಶ್ವ ಹಿಗ್ಗಿದಂತೆ ಆ ಎರಡು ರೇಖೆಗಳೂ ಒಂದೇ ಪ್ರಮಾಣದಲ್ಲಿ ಹಿಗ್ಗಿವೆ, ಆದ್ದರಿಂದ ಅನುಪಾತ ಕೆಡುವುದಿಲ್ಲ. ಭೂಮಿಯ ಮೇಲೆ ಒಂದು ಕಣ್ಣೂ ಇಲ್ಲದಿದ್ದಾಗ, ಭೂಮಿಯೇ ಇಲ್ಲದಿದ್ದಾಗ ಹೊರಟ ಆ ಬೆಳಕಿನಲ್ಲಿ ಅಳೆದರೂ ಸಿಗುವುದು ಅದೇ 1.35.